ಬಸ್ಸಿನಲ್ಲಿ, ಊಟದ ಹಾಲ್‌ನಲ್ಲಿ: ದೇಶಗಳನ್ನು ಹತ್ತಿರ ತಂದ ಟೇಬಲ್ ಟೆನಿಸ್

(ಮಕ್ಕಳ ಟೇಬಲ್ ಟೆನಿಸ್ ಶಿಬಿರದ ಕೊನೆಯ ದಿನ, ಆಟಗಾರರು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಂತಾರಾಷ್ಟ್ರೀಯ ಕ್ರೀಡಾಕೂಟಗಳು ಜಗತ್ತನ್ನು ಹೇಗೆ ಬೆಸೆಯುತ್ತವೆ ಅನ್ನುವುದರ ಬಗ್ಗೆ ಮಾತಾಡಿ ಅಂತ ಸಂಘಟಕರು ಕೇಳಿದ್ದಾರೆ. ವಿಷಯ ದೊಡ್ಡದು. ಒಲಿಂಪಿಕ್ಸ್, ಫುಟ್‌ಬಾಲ್ ವಿಶ್ವಕಪ್, ಕ್ರಿಕೆಟ್ ಎಲ್ಲವನ್ನೂ ಮುಟ್ಟುತ್ತಾ ಹೋದರೆ ಯಾವುದನ್ನೂ ಸರಿಯಾಗಿ ಹೇಳಿದ ಹಾಗಾಗುವುದಿಲ್ಲ. ಹಾಗಾಗಿ ನಾನು ನಮ್ಮ ಆಟವನ್ನೇ ಹಿಡಿದುಕೊಳ್ಳುತ್ತೇನೆ. ಒಂಬತ್ತು ಅಡಿ ಉದ್ದ, ಐದು ಅಡಿ ಅಗಲದ ಟೇಬಲ್. ನಡುವೆ ಆರು ಇಂಚಿನ ನೆಟ್. ಇಷ್ಟು ಚಿಕ್ಕ ಜಾಗದ ಆಟ ಎರಡು ಸಲ ಜಗತ್ತಿನ ದೊಡ್ಡ ದೊಡ್ಡ ಜಗಳಗಳ ನಡುವೆ ಬಂದು ನಿಂತಿದೆ.

ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಉದ್ಘಾಟನೆಯ ದಿನ ಬಾವುಟ ಹಿಡಿದು ನಡೆಯುವುದನ್ನು ನಾವೆಲ್ಲ ಟಿವಿಯಲ್ಲಿ ನೋಡುತ್ತೇವೆ. ಚೆನ್ನಾಗಿರುತ್ತದೆ. ಆದರೆ ಜನ ನಿಜವಾಗಿ ಹತ್ತಿರವಾಗುವುದು ಆಟದ ಆಚೀಚಿನ ಹೊತ್ತಿನಲ್ಲಿ. ಬಸ್ಸಿನಲ್ಲಿ, ಪ್ರಾಕ್ಟೀಸ್ ಹಾಲ್‌ನಲ್ಲಿ, ಊಟದ ಸಾಲಿನಲ್ಲಿ. ಆ ಹೊತ್ತು ಜಾಸ್ತಿ ಸಿಕ್ಕ ಕಡೆ ಏನೋ ಉಳಿದಿದೆ. ಸಿಗದ ಕಡೆ ಫೋಟೊ ಮಾತ್ರ ಉಳಿದಿದೆ.

ಮೊದಲು, ಈ ಆಟವೇ ಯಾಕೆ ಅಂತ ನೋಡೋಣ. ಅದು ಆಕಸ್ಮಿಕವೇನಲ್ಲ. 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದಾಗ ಜಗತ್ತಿನ ಬಹುಪಾಲು ಸಂಸ್ಥೆಗಳು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ವಿಶ್ವಸಂಸ್ಥೆಯಲ್ಲಿ ಚೀನಾದ ಕುರ್ಚಿ ತೈವಾನ್ ಕೈಯಲ್ಲೇ ಇತ್ತು. ಒಲಿಂಪಿಕ್ಸ್‌ನಲ್ಲಿ ಇದೇ ತಕರಾರು ದಶಕಗಟ್ಟಲೆ ನಡೆಯಿತು. ಆದರೆ ಅಂತಾರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ ಬೇರೆ ದಾರಿ ಹಿಡಿಯಿತು. 1926ರಿಂದ ಅದರ ಅಧ್ಯಕ್ಷರಾಗಿದ್ದವರು ಇಂಗ್ಲೆಂಡಿನ ಐವರ್ ಮಾಂಟೆಗು. ಎಡಪಂಥೀಯ ಮನುಷ್ಯ. ಅವರ ಕಾಲದಲ್ಲಿ, 1953ರಲ್ಲೇ, ಚೀನಾಕ್ಕೆ ಸದಸ್ಯತ್ವ ಸಿಕ್ಕಿತು. ಎಷ್ಟೋ ಬಾಗಿಲು ಮುಚ್ಚಿದ್ದಾಗ ತೆರೆದಿದ್ದ ಕೆಲವೇ ಬಾಗಿಲುಗಳಲ್ಲಿ ಇದೊಂದು. ಚೀನಾ ಈ ಆಟಕ್ಕೆ ಅಷ್ಟೊಂದು ಮನಸ್ಸು ಕೊಟ್ಟಿದ್ದಕ್ಕೆ ಇದೂ ಒಂದು ಕಾರಣ. ಟೇಬಲ್‌ಗೆ ಖರ್ಚು ಕಡಿಮೆ, ಜಾಗ ಕಡಿಮೆ ಅನ್ನುವುದು ಇನ್ನೊಂದು.

1959ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ರೊಂಗ್ ಗುವೊತುವಾನ್ ಪುರುಷರ ಸಿಂಗಲ್ಸ್ ಗೆದ್ದರು. ಯಾವುದೇ ಆಟದಲ್ಲಿ ಚೀನಾಕ್ಕೆ ಬಂದ ಮೊದಲ ವಿಶ್ವ ಪ್ರಶಸ್ತಿ ಅದು. ಎರಡು ವರ್ಷಕ್ಕೆ ವಿಶ್ವ ಚಾಂಪಿಯನ್‌ಷಿಪ್ ಬೀಜಿಂಗ್‌ನಲ್ಲೇ ನಡೆಯಿತು. ಅಲ್ಲಿ ಗೆದ್ದವರು ಜುವಾಂಗ್ ಜೆಡಾಂಗ್. 1961, 1963, 1965, ಹೀಗೆ ಸತತ ಮೂರು ಸಲ ಅವರೇ ಚಾಂಪಿಯನ್.

ಆಮೇಲೆ ಸಾಂಸ್ಕೃತಿಕ ಕ್ರಾಂತಿ ಬಂತು. ಚೀನಾದ ನಾಯಕ ಮಾವೋ ಶುರು ಮಾಡಿದ್ದು, ಕ್ರಾಂತಿಯ ವಿರೋಧಿಗಳು ಅನ್ನಿಸಿದವರನ್ನೆಲ್ಲ ಹಿಂಸಿಸಿದ ಕಾಲ. 1967, 1969ರ ಚಾಂಪಿಯನ್‌ಷಿಪ್‌ಗಳಿಗೆ ಚೀನಾ ಹೋಗಲೇ ಇಲ್ಲ. ದೇಶದ ಒಳಗೆ ನಡೆದದ್ದು ಇನ್ನೂ ಘೋರ. ಹಾಂಗ್‌ಕಾಂಗ್‌ನಿಂದ ಬಂದು ಚೀನಾ ತಂಡ ಕಟ್ಟಿದ ಮೂವರು ಇದ್ದರು. ಕೋಚ್ ಫು ಚಿಫಾಂಗ್, ಜಿಯಾಂಗ್ ಯೊಂಗ್‌ನಿಂಗ್, ಮತ್ತು ದೇಶಕ್ಕೆ ಮೊದಲ ಪ್ರಶಸ್ತಿ ತಂದ ಅದೇ ರೊಂಗ್ ಗುವೊತುವಾನ್. ಇವರ ಮೇಲೆ ಗೂಢಚಾರರು ಅನ್ನುವ ಆರೋಪ ಹೊರಿಸಿದರು. ಹಿಂಸೆ ಕೊಟ್ಟರು. 1968ರಲ್ಲಿ ಮೂವರೂ ಒಬ್ಬರಾದ ಮೇಲೆ ಒಬ್ಬರು ಪ್ರಾಣ ಕಳೆದುಕೊಂಡರು. ಮಕ್ಕಳ ಮುಂದೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದೀರಿ ಅಂತ ಕೆಲವರಿಗೆ ಅನ್ನಿಸಬಹುದು. 1971ರಲ್ಲಿ ಒಬ್ಬ ಆಟಗಾರ ತನ್ನ ಸೀಟಿನಿಂದ ಎದ್ದು ಬಂದದ್ದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದರೆ ಇದು ಗೊತ್ತಿರಬೇಕು. ಹೊರದೇಶದವರ ಜೊತೆ ನಂಟಿದೆ ಅನ್ನುವ ಅನುಮಾನಕ್ಕೇ ಅವರ ಜೊತೆಯವರು ಸತ್ತಿದ್ದರು.

ಈಗ ಆ ಬಸ್ಸಿನ ವಿಷಯ.

1971ರ ಮಾರ್ಚ್ ಕೊನೆಗೆ ಜಪಾನಿನ ನಗೋಯಾದಲ್ಲಿ 31ನೇ ವಿಶ್ವ ಚಾಂಪಿಯನ್‌ಷಿಪ್. ಜಪಾನಿನ ಟೇಬಲ್ ಟೆನಿಸ್ ಸಂಘದ ಅಧ್ಯಕ್ಷ ಕೊಜಿ ಗೊತೊ ಸ್ವತಃ ಬೀಜಿಂಗ್‌ಗೆ ಹೋಗಿ ಚೀನಾ ತಂಡವನ್ನು ಕರೆದಿದ್ದರು. ಆಗ ಅಮೆರಿಕಕ್ಕೂ ಚೀನಾಕ್ಕೂ ರಾಜತಾಂತ್ರಿಕ ಸಂಬಂಧ ಇರಲಿಲ್ಲ. ವ್ಯಾಪಾರ ಇರಲಿಲ್ಲ. ಎರಡು ದಶಕದಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಏಪ್ರಿಲ್ 4. ಗ್ಲೆನ್ ಕೋವನ್ ಅನ್ನುವ 19 ವರ್ಷದ ಅಮೆರಿಕನ್ ಹುಡುಗ, ಉದ್ದ ಕೂದಲು ಬಿಟ್ಟವನು, ಪ್ರಾಕ್ಟೀಸ್ ಮುಗಿಸಿ ಚೀನಾ ತಂಡದ ಬಸ್ ಹತ್ತಿದ. ಒಳಗೆಲ್ಲ ಮೌನ. ಯಾರೂ ಮಾತಾಡಿಸುವ ಹಾಗಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಜುವಾಂಗ್ ಜೆಡಾಂಗ್ ಸುಮಾರು ಹತ್ತು ನಿಮಿಷ ಯೋಚಿಸುತ್ತಾ ಕೂತಿದ್ದರಂತೆ. ಮುಂದೆ ಅವರೇ ಎಷ್ಟೋ ಕಡೆ ಇದನ್ನು ಹೇಳಿದ್ದಾರೆ. ಜೊತೆಯವರು ಬೇಡ ಅಂದರು. ಆದರೂ ಎದ್ದು ಬಂದರು. ದುಭಾಷಿಯ ಮೂಲಕ ಮಾತಾಡಿಸಿದರು. ಹುವಾಂಗ್‌ಶಾನ್ ಬೆಟ್ಟದ ಚಿತ್ರವಿದ್ದ ರೇಷ್ಮೆ ಬಟ್ಟೆಯೊಂದನ್ನು ಉಡುಗೊರೆ ಕೊಟ್ಟರು. ಬಸ್ ಇಳಿಯುವಷ್ಟರಲ್ಲಿ ಪತ್ರಕರ್ತರು ಕಾದಿದ್ದರು. ಕೋವನ್ ಬ್ಯಾಗಿನಲ್ಲಿ ವಾಪಸ್ ಕೊಡುವಂಥದ್ದು ಏನೂ ಇರಲಿಲ್ಲ. ಮರುದಿನ ಹುಡುಕಿಕೊಂಡು ಹೋಗಿ ಶಾಂತಿಯ ಚಿಹ್ನೆ ಇದ್ದ ಟೀ ಶರ್ಟ್ ಕೊಟ್ಟ.

ಮಕ್ಕಳೇ, ಇಲ್ಲಿ ಗಮನಿಸಿ. ಇಬ್ಬರೂ ಆ ದಿನ ಎದುರಾಳಿಗಳಾಗಿ ಆಡಿರಲಿಲ್ಲ. ಆಟದಲ್ಲಿ ಅವರಿಬ್ಬರ ಮಟ್ಟಕ್ಕೆ ಅಜಗಜಾಂತರ. ಒಬ್ಬ ಮೂರು ಸಲದ ವಿಶ್ವ ಚಾಂಪಿಯನ್. ಇನ್ನೊಬ್ಬನ ತಂಡಕ್ಕೆ ಪದಕದ ಮಾತು ದೂರ. ಅವರನ್ನು ಸೇರಿಸಿದ್ದು ಒಂದು ಬಸ್ ಪ್ರಯಾಣ.

ಮುಂದಿನದು ಇತಿಹಾಸ. ಅಮೆರಿಕ ತಂಡವನ್ನು ಕರೆಯುವುದು ಬೇಡ ಅಂತ ಚೀನಾದ ವಿದೇಶಾಂಗ ಇಲಾಖೆ ಹೇಳಿತ್ತು. ಮಾವೋ ಕೂಡ ಮೊದಲು ಒಪ್ಪಿದ್ದರು. ಉಡುಗೊರೆಯ ಸುದ್ದಿ ಓದಿದ ಮೇಲೆ, ನಿದ್ದೆ ಮಾತ್ರೆ ತೆಗೆದುಕೊಂಡ ರಾತ್ರಿಯಲ್ಲಿ, ಮನಸ್ಸು ಬದಲಾಯಿಸಿದರು. ನಿದ್ದೆ ಮಾತ್ರೆ ತೆಗೆದುಕೊಂಡ ಮೇಲೆ ತಾನು ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಅವರೇ ಮೊದಲು ಹೇಳಿದ್ದರಿಂದ ನರ್ಸ್ ಗೊಂದಲಕ್ಕೆ ಬಿದ್ದರಂತೆ. ಕೊನೆಗೆ ಫೋನ್ ಹೋಯಿತು. ಏಪ್ರಿಲ್ 10ಕ್ಕೆ ಅಮೆರಿಕ ತಂಡ ಹಾಂಗ್‌ಕಾಂಗ್ ಕಡೆಯಿಂದ ಸೇತುವೆ ದಾಟಿ ಚೀನಾದೊಳಗೆ ಕಾಲಿಟ್ಟಿತು. 14ಕ್ಕೆ ಪ್ರಧಾನಿ ಚೌ ಎನ್‌ಲಾಯ್ ಅವರನ್ನು ಭೇಟಿಯಾದರು. ಅಂದೇ ಅಧ್ಯಕ್ಷ ನಿಕ್ಸನ್ ಚೀನಾದ ಮೇಲಿನ ವ್ಯಾಪಾರ ನಿರ್ಬಂಧ ಸಡಿಲಿಸುವುದಾಗಿ ಹೇಳಿದರು. ಜುಲೈನಲ್ಲಿ ನಿಕ್ಸನ್ ಅವರ ಸಲಹೆಗಾರ ಕಿಸಿಂಜರ್ ಗುಟ್ಟಾಗಿ ಪಾಕಿಸ್ತಾನದ ಮೂಲಕ ಬೀಜಿಂಗ್‌ಗೆ ಹೋದರು. 1972ರ ಫೆಬ್ರವರಿಯಲ್ಲಿ ನಿಕ್ಸನ್ ಖುದ್ದಾಗಿ ಹೋದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಜುವಾಂಗ್ ತಂಡ ಅಮೆರಿಕ ಸುತ್ತಿತು.

ಒಂದು ಟೀ ಶರ್ಟ್‌ನಿಂದ ಎರಡು ದೇಶ ಒಂದಾದವು ಅಂತ ನಾನು ಹೇಳುವುದಿಲ್ಲ. ಸೋವಿಯತ್ ಒಕ್ಕೂಟದ ಜೊತೆ 1969ರಲ್ಲಿ ಗಡಿಯಲ್ಲಿ ಗುಂಡಿನ ಚಕಮಕಿ ಆದ ಮೇಲೆ ಚೀನಾಕ್ಕೆ ಅಮೆರಿಕ ಬೇಕಾಗಿತ್ತು. ವಿಯೆಟ್ನಾಂನಲ್ಲಿ ಸಿಕ್ಕಿಹಾಕಿಕೊಂಡಿದ್ದ ಅಮೆರಿಕಕ್ಕೂ ಚೀನಾ ಬೇಕಾಗಿತ್ತು. ಇಬ್ಬರಿಗೂ ಆಸೆ ಇತ್ತು, ಮೊದಲ ಹೆಜ್ಜೆ ಇಡಲು ನೆಪ ಇರಲಿಲ್ಲ. ಆಟಗಾರರು ಆ ನೆಪ ಕೊಟ್ಟರು. ಅದು ಸಣ್ಣ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ಹಾಗೆಯೇ ಇದಕ್ಕೆ ಬೆಲೆ ತೆತ್ತವರೂ ಇದ್ದರು ಅನ್ನುವುದನ್ನು ಮರೆಯಬಾರದು. 1971ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಕುರ್ಚಿ ಚೀನಾಕ್ಕೆ ಬಂದಾಗ ತೈವಾನ್ ಹೊರಗೆ ಹೋಯಿತು. ಒಂದು ಕಡೆ ಬಾಗಿಲು ತೆರೆದಾಗ ಇನ್ನೊಂದು ಕಡೆ ಮುಚ್ಚಿತು.

ಈಗ ನನಗೆ ತುಂಬಾ ಇಷ್ಟವಾದ ಮನುಷ್ಯನ ಬಗ್ಗೆ ಹೇಳುತ್ತೇನೆ. ಇಚಿರೊ ಒಗಿಮುರಾ. ಈ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗೊತ್ತಿರಬೇಕಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನ್ ವಿಶ್ವ ಟೇಬಲ್ ಟೆನಿಸ್‌ಗೆ ಕಾಲಿಟ್ಟದ್ದು ನಮ್ಮ ದೇಶದಲ್ಲಿ, 1952ರ ಬಾಂಬೆ ಚಾಂಪಿಯನ್‌ಷಿಪ್‌ನಲ್ಲಿ. ಏಷ್ಯಾದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಅದು. ಹಿರೋಜಿ ಸಾಟೊ ಸ್ಪಂಜ್ ಬ್ಯಾಟ್ ಹಿಡಿದು ಬಂದು ಸಿಂಗಲ್ಸ್ ಗೆದ್ದರು. ಚೆಂಡು ಬ್ಯಾಟಿಗೆ ಬಡಿದ ಸದ್ದೇ ಕೇಳದೆ ಎದುರಾಳಿಗಳು ಕಂಗಾಲಾದರು. ಎರಡು ವರ್ಷದ ನಂತರ ಲಂಡನ್‌ನಲ್ಲಿ ಗೆದ್ದವರು ಒಗಿಮುರಾ. ಯುದ್ಧ ಮುಗಿದು ಆಗಿನ್ನೂ ಒಂಬತ್ತು ವರ್ಷ. ಜಪಾನಿನವರ ಮೇಲೆ ಅಲ್ಲಿನ ಜನರ ಸಿಟ್ಟು ಆರಿರಲಿಲ್ಲ. ಆ ಹಗೆತನದ ನಡುವೆಯೇ ಅವರು ಆಡಿದರು. 1956ರಲ್ಲಿ ಇನ್ನೊಮ್ಮೆ ಚಾಂಪಿಯನ್ ಆದರು. 1987ರಲ್ಲಿ ಅಂತಾರಾಷ್ಟ್ರೀಯ ಫೆಡರೇಷನ್ನಿನ ಅಧ್ಯಕ್ಷರಾದರು.

ಅಧ್ಯಕ್ಷರಾದ ಮೇಲೆ ಅವರು ಕೈ ಹಾಕಿದ್ದು ಕೊರಿಯಾಕ್ಕೆ. ಉತ್ತರ, ದಕ್ಷಿಣ ಕೊರಿಯಾಗಳ ನಡುವೆ 1950ರಿಂದ 1953ರವರೆಗೆ ಯುದ್ಧ ಆಗಿತ್ತು. ಕದನ ನಿಂತಿತು, ಶಾಂತಿ ಒಪ್ಪಂದ ಆಗಲೇ ಇಲ್ಲ. 1987ರಲ್ಲಿ ದಕ್ಷಿಣ ಕೊರಿಯಾದ ವಿಮಾನವೊಂದನ್ನು ಉತ್ತರದ ಏಜೆಂಟರು ಸ್ಫೋಟಿಸಿದರು. 115 ಜನ ಸತ್ತರು. ಮರುವರ್ಷದ ಸಿಯೋಲ್ ಒಲಿಂಪಿಕ್ಸ್‌ಗೆ ಉತ್ತರ ಕೊರಿಯಾ ಬರಲಿಲ್ಲ. ಇಂಥ ಹೊತ್ತಿನಲ್ಲಿ ಒಗಿಮುರಾ ಎರಡೂ ದೇಶಕ್ಕೆ ಹತ್ತಕ್ಕೂ ಹೆಚ್ಚು ಸಲ ಓಡಾಡಿದರು. ಎರಡೂ ಕಡೆಯವರು ಸೇರಿ ಒಂದೇ ತಂಡವಾಗಿ ಆಡಲಿ ಅನ್ನುವುದು ಅವರ ಆಸೆ. 1991ರಲ್ಲಿ ಅದು ಈಡೇರಿತು. ಚಾಂಪಿಯನ್‌ಷಿಪ್ ಜಪಾನಿನ ಚಿಬಾದಲ್ಲಿ. ತಂಡದ ಹೆಸರು ಬರೀ ಕೊರಿಯಾ. ಬಿಳಿ ಬಾವುಟದ ಮೇಲೆ ನೀಲಿ ಬಣ್ಣದಲ್ಲಿ ಇಡೀ ಕೊರಿಯಾದ ನಕ್ಷೆ. ರಾಷ್ಟ್ರಗೀತೆಯ ಜಾಗದಲ್ಲಿ ಎರಡೂ ಕಡೆಯವರ ಬಾಯಲ್ಲಿರುವ ಅರಿರಾಂಗ್ ಅನ್ನುವ ಜನಪದ ಹಾಡು.

ನನ್ನ ಕಣ್ಣಿಗೆ ಮುಖ್ಯವಾಗಿ ಕಾಣುವುದು ಚಾಂಪಿಯನ್‌ಷಿಪ್‌ಗೆ ಮುಂಚಿನ ದಿನಗಳು. ಒಂದು ತಿಂಗಳಿಗೂ ಜಾಸ್ತಿ ಇವರೆಲ್ಲ ಜಪಾನಿನಲ್ಲಿ ಒಟ್ಟಿಗೆ ಇದ್ದರು. ನಾಗಾನೊ, ನಾಗಾವೊಕಾ, ಚಿಬಾ ಊರುಗಳು ಶಿಬಿರಕ್ಕೆ ಜಾಗ ಕೊಟ್ಟವು. ಅಧಿಕಾರಿಗಳ ಕಣ್ಣು ಸದಾ ಮೇಲೇ ಇತ್ತು. ಆದರೂ ದಿನಾ ಎದುರುಬದುರು ನಿಂತು ನೂರಾರು ಚೆಂಡು ಹೊಡೆಯುವವರ ನಡುವೆ ಎಷ್ಟು ದಿನ ಅಂತ ಬಿಗುಮಾನ ಇರುತ್ತದೆ? ದಕ್ಷಿಣದ ಹ್ಯುನ್ ಜಂಗ್ ಹ್ವಾ, ಉತ್ತರದ ಲೀ ಬುನ್ ಹಿ, ಇಬ್ಬರಿಗೂ ಆಗಷ್ಟೇ ಇಪ್ಪತ್ತು ದಾಟಿತ್ತು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಸೋಲಿಸುವುದಕ್ಕೆ ತಯಾರಾದವರು. ಈಗ ಡಬಲ್ಸ್‌ನಲ್ಲಿ ಜೋಡಿ.

ಜಪಾನಿನಲ್ಲಿ ನೆಲೆಸಿರುವ ಕೊರಿಯನ್ನರಲ್ಲೂ ಎರಡು ಬಣ ಇತ್ತು. ಉತ್ತರದ ಪರ ಒಂದು ಸಂಘ, ದಕ್ಷಿಣದ ಪರ ಇನ್ನೊಂದು. ಅವರ ಶಾಲೆ ಬೇರೆ, ಸಭೆ ಬೇರೆ. ಒಂದೇ ಬೀದಿಯಲ್ಲಿದ್ದೂ ಮಾತು ಬಿಟ್ಟವರು. ಚಿಬಾದ ಸ್ಟೇಡಿಯಂನಲ್ಲಿ ಅವರೆಲ್ಲ ಪಕ್ಕಪಕ್ಕ ಕೂತು ಒಂದೇ ಬಾವುಟ ಬೀಸಿದರು. ತಂಡಕ್ಕಿಂತ ಇವರ ವಿಷಯವೇ ನನ್ನ ಮನಸ್ಸಿಗೆ ಹೆಚ್ಚು ತಟ್ಟುತ್ತದೆ. ಆಟಗಾರರು ಟೂರ್ನಿ ಮುಗಿಸಿ ಹೊರಟುಹೋಗುತ್ತಾರೆ. ಇವರು ಅದೇ ಬೀದಿಯಲ್ಲಿ ಬದುಕಬೇಕಾದವರು.

ಮಹಿಳಾ ತಂಡದ ಫೈನಲ್ ಚೀನಾ ವಿರುದ್ಧ. ಚೀನಾ 1975ರಿಂದ ಸತತ ಎಂಟು ಸಲ ಗೆದ್ದಿತ್ತು. ಮೊದಲ ಪಂದ್ಯದಲ್ಲೇ ಉತ್ತರದ ಯು ಸುನ್ ಬೊಕ್, ಡೆಂಗ್ ಯಾಪಿಂಗ್ ಅವರನ್ನು ಸೋಲಿಸಿದರು. ಆ ಡೆಂಗ್ ಮುಂದೆ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವರು! ಹ್ಯುನ್ ಎರಡನೇ ಪಂದ್ಯ ಗೆದ್ದರು. ಡಬಲ್ಸ್ ಹೋಯಿತು. ನಾಲ್ಕನೆಯದೂ ಹೋಯಿತು. 2-2. ಐದನೇ ಪಂದ್ಯಕ್ಕೆ ಮತ್ತೆ ಯು ಸುನ್ ಬೊಕ್. ಎದುರಿಗೆ ಗಾವೊ ಜುನ್. ಯು ಗೆದ್ದರು. ಎರಡೂ ಕಡೆಯವರು ತಬ್ಬಿಕೊಂಡು ಅತ್ತರು. ನಮ್ಮ ಹುಡುಗಿಯರು ಇವತ್ತು ಸಂಜೆ ಆ ಪಂದ್ಯದ ವಿಡಿಯೊ ಹುಡುಕಿ ನೋಡಬೇಕು.

ಆಮೇಲೆ? ತಂಡ ಒಡೆಯಿತು. ಬೀಳ್ಕೊಡುವಾಗ ಹ್ಯುನ್ ತನ್ನ ಜೊತೆಗಾತಿಗೆ ಚಿನ್ನದ ಉಂಗುರ ಕೊಟ್ಟರು. 1993ರಲ್ಲಿ ಸ್ವೀಡನ್‌ನ ಗೊಥೆನ್‌ಬರ್ಗ್‌ನಲ್ಲಿ ಮತ್ತೆ ಎದುರಾದಾಗ ಬೇರೆ ಬೇರೆ ತಂಡದವರು. ಅದಾದ ಮೇಲೆ ವರ್ಷಗಟ್ಟಲೆ ಹ್ಯುನ್ ಭೇಟಿಗೆ ಪ್ರಯತ್ನಿಸುತ್ತಲೇ ಇದ್ದರು. ಎರಡು ಊರುಗಳ ನಡುವಿನ ದೂರ, ಸಿಯೋಲ್‌ನಿಂದ ಪ್ಯಾಂಗ್ಯಾಂಗ್‌ಗೆ, ಇನ್ನೂರು ಕಿಲೋಮೀಟರ್ ಕೂಡ ಇಲ್ಲ. ಬೆಂಗಳೂರಿನಿಂದ ಹಾಸನಕ್ಕೆ ಇರುವಷ್ಟೇ ದೂರ ಅಂದುಕೊಳ್ಳಿ. ಒಗಿಮುರಾ 1994ರಲ್ಲಿ, 62ನೇ ವಯಸ್ಸಿಗೆ ತೀರಿಕೊಂಡರು.

ಹಾಗಾದರೆ ಅಷ್ಟೆಲ್ಲ ಪಟ್ಟ ಶ್ರಮ ವ್ಯರ್ಥವಾಯಿತಾ? ನನಗೆ ಹಾಗನ್ನಿಸುವುದಿಲ್ಲ. ಆ ನೀಲಿ ನಕ್ಷೆಯ ಬಾವುಟ 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಮತ್ತೆ ಬಂತು. ತಂಡಗಳು ಬೇರೆಯಾದರೂ ಒಟ್ಟಿಗೆ ನಡೆದರು. 2018ರ ಮೇ ತಿಂಗಳು, ಸ್ವೀಡನ್‌ನ ಹಾಲ್ಮ್‌ಸ್ಟಾಡ್‌ನಲ್ಲಿ ವಿಶ್ವ ತಂಡ ಚಾಂಪಿಯನ್‌ಷಿಪ್. ಮಹಿಳೆಯರ ಕ್ವಾರ್ಟರ್‌ಫೈನಲ್‌ನಲ್ಲಿ ಎರಡು ಕೊರಿಯಾಗಳೇ ಎದುರುಬದುರು ಆಗಬೇಕಿತ್ತು. ಆಡುವುದಿಲ್ಲ ಅಂದರು. ಒಂದೇ ತಂಡವಾಗಿ ಸೆಮಿಫೈನಲ್‌ಗೆ ಹೋದರು. ಜಪಾನ್ ವಿರುದ್ಧ ಸೋತು ಕಂಚು ಪಡೆದರು. ಹಿಂದಿನ ವಾರವಷ್ಟೇ ಎರಡು ದೇಶದ ನಾಯಕರು ಗಡಿಯಲ್ಲಿ ಭೇಟಿಯಾಗಿದ್ದರು. ಅಷ್ಟು ಬೇಗ ಹೀಗೊಂದು ತೀರ್ಮಾನ ಸಾಧ್ಯವಾಗಿದ್ದು 1991ರಲ್ಲಿ ಒಮ್ಮೆ ಮಾಡಿ ತೋರಿಸಿದ್ದರಿಂದಲೇ ಅಂತ ನಾನು ನಂಬುತ್ತೇನೆ.

ಅದೇ 2018ರ ಫೆಬ್ರವರಿಯಲ್ಲಿ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಹಿಳಾ ಐಸ್ ಹಾಕಿಗೆ ಜಂಟಿ ತಂಡ ಮಾಡಿದರು. ಕೆಲವೇ ವಾರ ಮೊದಲು, ಮೇಲಿನಿಂದ ಬಂದ ತೀರ್ಮಾನ. ವರ್ಷಗಟ್ಟಲೆ ತಯಾರಾದ ದಕ್ಷಿಣದ ಆಟಗಾರ್ತಿಯರ ಅವಕಾಶ ಕಡಿಮೆಯಾಯಿತು. ಅಲ್ಲಿನ ಯುವಜನ ಬೇಸರ ಮಾಡಿಕೊಂಡರು. ಅದು ನ್ಯಾಯವಾದ ಬೇಸರ. ಆಡಿದ ಐದೂ ಪಂದ್ಯ ಸೋತರು. ಆದರೆ ಆ ಸ್ವಲ್ಪ ದಿನದಲ್ಲೇ ಆ ಹುಡುಗಿಯರು ಒಬ್ಬರನ್ನೊಬ್ಬರು ಎಷ್ಟು ಹಚ್ಚಿಕೊಂಡಿದ್ದರು ಅಂದರೆ ಬೀಳ್ಕೊಡುವಾಗ ಅಳು ತಡೆಯಲಾಗಲಿಲ್ಲ. ಸಮಾರಂಭ ಮಾಡಿದವರು ರಾಜಕಾರಣಿಗಳು. ಗೆಳೆತನ ಮಾಡಿದವರು ಆಟಗಾರ್ತಿಯರು.

ನಮ್ಮ ಕಡೆಯ ಒಂದು ಉದಾಹರಣೆ ಹೇಳಿ ಮುಗಿಸುತ್ತೇನೆ. ಇದು ಟೆನಿಸ್. ಕೊಡಗಿನ ರೋಹನ್ ಬೋಪಣ್ಣ ಮತ್ತು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ. 2008ರ ಮುಂಬೈ ದಾಳಿಯ ನಂತರ ಎರಡು ದೇಶಗಳ ನಡುವೆ ಕ್ರಿಕೆಟ್ ಸರಣಿ ಕೂಡ ನಿಂತಿದ್ದ ಕಾಲ. ಈ ಇಬ್ಬರು ಡಬಲ್ಸ್ ಆಡುತ್ತಾ ಊರೂರು ಸುತ್ತುತ್ತಿದ್ದರು. ಯುದ್ಧ ನಿಲ್ಲಿಸಿ, ಟೆನಿಸ್ ಆಡಿ ಅಂತ ಬಟ್ಟೆಯ ಮೇಲೆ ಬರೆಸಿಕೊಂಡು ಅಂಗಳಕ್ಕೆ ಬಂದರು. 2010ರ ಯು.ಎಸ್. ಓಪನ್ ಫೈನಲ್ ತಲುಪಿದರು. ವಿಶ್ವಸಂಸ್ಥೆಯಲ್ಲಿದ್ದ ಭಾರತ, ಪಾಕಿಸ್ತಾನದ ರಾಯಭಾರಿಗಳು ಪಕ್ಕಪಕ್ಕ ಕೂತು ಪಂದ್ಯ ನೋಡಿದರು. ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕರ್‌ನಲ್ಲಿ ಸೋತರು. ವಾಘಾ ಗಡಿಯಲ್ಲಿ ನೆಟ್ ಕಟ್ಟಿ ಒಂದು ಪಂದ್ಯ ಆಡಬೇಕು ಅನ್ನುವುದು ಇವರ ಕನಸಾಗಿತ್ತು. ಅದು ಈಡೇರಲಿಲ್ಲ. ಡಬಲ್ಸ್ ಆಡುವವರು ವರ್ಷದಲ್ಲಿ ಎಷ್ಟು ವಾರ ಒಟ್ಟಿಗೆ ಇರುತ್ತಾರೆ ಯೋಚಿಸಿ. ವಿಮಾನ, ಹೋಟೆಲ್, ಊಟ, ಸೋತ ರಾತ್ರಿಗಳು. ಅಷ್ಟಾದ ಮೇಲೆ ಎದುರಿನವನನ್ನು ಬರೀ ಒಂದು ದೇಶದ ಹೆಸರಾಗಿ ನೋಡುವುದು ಸಾಧ್ಯವಿಲ್ಲ, ಅಲ್ವಾ?

ನಂತರ ಕೆಲವರು ಪ್ರಶ್ನೆ ಕೇಳಿದರು.

ಒಬ್ಬ ಪೋಷಕರು ಕೇಳಿದರು: "ಸರ್, ಆಟದಿಂದಲೇ ಜಗಳ ಹೆಚ್ಚಾಗಿದ್ದೂ ಇದೆಯಲ್ಲ? 2025ರ ಏಷ್ಯಾ ಕಪ್ ಕ್ರಿಕೆಟ್‌ನಲ್ಲಿ ಭಾರತ, ಪಾಕಿಸ್ತಾನದವರು ಕೈ ಕೂಡ ಕುಲುಕಲಿಲ್ಲ."

ನಿಜ. ಹೆಚ್ಚಾಗಿದ್ದೂ ಇದೆ. 1969ರಲ್ಲಿ ಎಲ್ ಸಾಲ್ವಡೋರ್, ಹೊಂಡುರಾಸ್ ನಡುವೆ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಗಲಾಟೆಯಾಗಿ ಕೆಲವೇ ವಾರದಲ್ಲಿ ಯುದ್ಧವೇ ಆಯಿತು. ಮೂಲ ಕಾರಣ ಭೂಮಿ ಮತ್ತು ವಲಸೆ. ಆದರೆ ಫುಟ್‌ಬಾಲ್ ಆ ಬೆಂಕಿಗೆ ಗಾಳಿ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ ದುಬೈನಲ್ಲಿ ಕೈ ಕುಲುಕದ್ದಕ್ಕೆ ಹಿಂದೆ ಪಹಲ್ಗಾಮ್‌ನಲ್ಲಿ ಸತ್ತವರ ನೋವಿತ್ತು. ಆ ನೋವನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಮರುತಿಂಗಳೇ ಮಲೇಷ್ಯಾದಲ್ಲಿ, ಜೊಹೋರ್ ಕಪ್ ಜೂನಿಯರ್ ಹಾಕಿಯಲ್ಲಿ, ಭಾರತ ಮತ್ತು ಪಾಕಿಸ್ತಾನದ ಹುಡುಗರು ಒಬ್ಬರ ಕೈಗೆ ಒಬ್ಬರು ಕೈ ತಟ್ಟಿಕೊಂಡು ಆಟ ಶುರು ಮಾಡಿದರು. ನನಗೆ ಆ ಹುಡುಗರ ಮೇಲೆ ಭರವಸೆ ಜಾಸ್ತಿ.

ಇನ್ನೊಬ್ಬ ತಾಯಿ ಕೇಳಿದರು: "ನಮ್ಮ ಮಕ್ಕಳು ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುತ್ತಾರೋ ಇಲ್ಲವೋ. ಇದೆಲ್ಲ ಅವರಿಗೆ ಹೇಗೆ ಅನ್ವಯಿಸುತ್ತದೆ?"

ಅಮ್ಮ, ನೀವು ಕೇಳಿದ್ದು ಒಳ್ಳೆಯದಾಯಿತು. ರಾಜ್ಯ ಮಟ್ಟದ ಟೂರ್ನಿಗೆ ಹೋದಾಗ ಈಗ ಏನಾಗುತ್ತಿದೆ ನೋಡಿ. ಅಪ್ಪ ಅಮ್ಮ ಕಾರಿನಲ್ಲಿ ಕರೆದುಕೊಂಡು ಬರುತ್ತಾರೆ. ಹೋಟೆಲ್‌ನಲ್ಲಿ ಉಳಿಯುತ್ತಾರೆ. ಮಗು ಪಂದ್ಯ ಆಡುತ್ತದೆ, ಸೋತರೆ ಅಂದೇ ವಾಪಸ್. ಬೀದರ್‌ನ ಮಗುವೂ ಮಂಗಳೂರಿನ ಮಗುವೂ ಟೇಬಲ್‌ನ ಎರಡು ತುದಿಯಲ್ಲಿ ಇಪ್ಪತ್ತು ನಿಮಿಷ ನಿಂತು ಹೊರಟುಬಿಡುತ್ತವೆ. ಒಂದು ಮಾತಿಲ್ಲ. ನೀವು ಕಾಳಜಿಯಿಂದಲೇ ಹೀಗೆ ಮಾಡುತ್ತೀರಿ ಅಂತ ನನಗೆ ಗೊತ್ತು. ಆದರೆ ಸೋತ ಮೇಲೂ ಮಕ್ಕಳು ಕೊನೆಯ ದಿನದವರೆಗೆ ಇರಲಿ. ಬೇರೆ ಜಿಲ್ಲೆಯ ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಮಲಗಲಿ, ಒಂದೇ ಪಂಕ್ತಿಯಲ್ಲಿ ಊಟ ಮಾಡಲಿ.

ಮುಂದಿನ ಟೂರ್ನಿಗೆ ಹಾಸ್ಟೆಲ್ ಮಾತಾಡಿದ್ದೇವೆ. ಹುಡುಗಿಯರಿಗೆ ಬೇರೆ ಕಟ್ಟಡ, ಜೊತೆಗೆ ಇಬ್ಬರು ಮಹಿಳಾ ಕೋಚ್‌ಗಳು ಇರುತ್ತಾರೆ. ಬಸ್ ಕೂಡ ಒಂದೇ. ಹೆಸರು ಬರೆಸುವವರು ಹೊರಡುವ ಮುಂಚೆ ಬಾಗಿಲ ಹತ್ತಿರ ಇಟ್ಟಿರುವ ಪುಸ್ತಕದಲ್ಲಿ ಬರೆಸಿ ಹೋಗಿ.